ಮೂರು ದಿನದ ಕಬ್ಬು, ಬಿಗಿಯದ ಬೆಲ್ಲ: ಸುಕ್ರೋಸ್ ಒಡೆದದ್ದು ಯಾವ ದಾರಿಯಲ್ಲಿ?

ಆಲೆಮನೆ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಕೆಮಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ನಮ್ಮೂರು ಮಂಡ್ಯದ ಸಮೀಪದಲ್ಲಿದೆ. ತಂದೆಯವರು ಇಪ್ಪತ್ತು ವರ್ಷಗಳಿಂದ ಆಲೆಮನೆ ನಡೆಸಿಕೊಂಡು ಬಂದಿದ್ದಾರೆ. ಹೋದ ತಿಂಗಳು ಕಬ್ಬು ಕಡಿದ ದಿನವೇ ಗಾಣದ ಮೋಟಾರು ಸುಟ್ಟುಹೋಗಿ, ಕಡಿದ ಕಬ್ಬು ಮೂರು ದಿನ ಅಂಗಳದಲ್ಲೇ ಬಿದ್ದಿತ್ತು. ಮೋಟಾರು ಸರಿಯಾದ ಮೇಲೆ ಅದೇ ಕೊಪ್ಪರಿಗೆಯಲ್ಲಿ, ಅದೇ ಉರಿಯಲ್ಲಿ, ತೆಂಗಿನ ಚಿಪ್ಪಿನಲ್ಲಿ ಯಾವಾಗಲೂ ಅಳೆದು ಹಾಕುವಷ್ಟೇ ಸುಣ್ಣದ ತಿಳಿ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು ಮಡ್ಡಿ ತೆಗೆದು ಕಾಯಿಸಿದರು. ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿದಾಗ ಉಂಡೆಯೂ ಕಟ್ಟಿತು. ಆದರೆ ಅಚ್ಚಿಗೆ ಹೊಯ್ದ ಬೆಲ್ಲ ಮರುದಿನ ಬೆಳಿಗ್ಗೆಯೂ ಬಿಗಿದಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು, ಕುಳಿಯ ಅಂಚಿನಲ್ಲಿ ಜಿನುಗು ಹೊಳೆಯುತ್ತಿತ್ತು. ಆ ಮಾಲು ಮಂಡಿಯಲ್ಲಿ ಅರ್ಧ ಬೆಲೆಗೂ ಹೋಗಲಿಲ್ಲ.

ಕಬ್ಬು ಹಳಸಿತ್ತು ಎಂದು ತಂದೆಯವರು ಹೇಳುತ್ತಾರೆ. ಸುಣ್ಣ ಸಾಲಲಿಲ್ಲ ಎಂದು ಚಿಕ್ಕಪ್ಪ ಹೇಳುತ್ತಾರೆ. ನಮ್ಮ ಪಠ್ಯಪುಸ್ತಕದಲ್ಲಿ ಇದೆಲ್ಲ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ: ಸುಕ್ರೋಸ್ (ಕಬ್ಬಿನ ಸಕ್ಕರೆ) ಮತ್ತು ನೀರು ಸೇರಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತವೆ, ಆಮ್ಲ ಕ್ರಿಯಾವರ್ಧಕ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು), ಕ್ರಿಯೆ ಮೊದಲ ದರ್ಜೆಯದು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚಾದರೆ ಸುಕ್ರೋಸ್ ಹರಳುಗಟ್ಟುವುದಕ್ಕೆ ಅಡ್ಡಿಯಾಗುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ ಎಂಬಷ್ಟು ನನಗೆ ಗೊತ್ತು. ಆದರೆ ತಂದೆ ಮತ್ತು ಚಿಕ್ಕಪ್ಪ ಇಬ್ಬರಲ್ಲಿ ಯಾರ ಮಾತು ಸರಿ ಎಂಬುದನ್ನು ಆ ಒಂದು ಸಾಲು ಹೇಳುತ್ತಿಲ್ಲ. ಕ್ರಿಯಾವಿಧಾನವನ್ನು, ಅಂದರೆ ಕ್ರಿಯೆ ಯಾವ ಯಾವ ಹೆಜ್ಜೆಗಳಲ್ಲಿ ನಡೆಯುತ್ತದೆ ಎಂಬುದನ್ನು, ಸರಿಯಾಗಿ ತಿಳಿದುಕೊಂಡರೆ ಇದನ್ನು ನಿರ್ಧರಿಸಲು ಸಾಧ್ಯವೇ?

ವೇಗನಿಯತಾಂಕ:

ಸಾಧ್ಯವಿದೆ, ಮತ್ತು ನೀವು ಕೇಳಿರುವ ಕ್ರಿಯೆ ಸಾಮಾನ್ಯದ್ದಲ್ಲ. ಕ್ರಿಯಾವೇಗವನ್ನು ಗಣಿತದ ಸಮೀಕರಣದಲ್ಲಿ ಹಿಡಿಯುವ ಪ್ರಯತ್ನ ಮೊದಲು ಫಲಿಸಿದ್ದೇ ಇದರ ಮೇಲೆ. ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ 1850ರಲ್ಲಿ ಸಕ್ಕರೆಯ ದ್ರಾವಣಕ್ಕೆ ಆಮ್ಲ ಬೆರೆಸಿ, ಧ್ರುವೀಕೃತ ಬೆಳಕು ಅದರ ಮೂಲಕ ಹಾದಾಗ ಎಷ್ಟು ತಿರುಗುತ್ತದೆ ಎಂಬುದನ್ನು ಹೊತ್ತುಹೊತ್ತಿಗೆ ಅಳೆದರು. ಸುಕ್ರೋಸ್ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಅದರ ವಿಶಿಷ್ಟ ಭ್ರಮಣ ಸುಮಾರು +66.5 ಡಿಗ್ರಿ. ಗ್ಲೂಕೋಸಿನದು +52.7, ಫ್ರಕ್ಟೋಸಿನದು ಸುಮಾರು −92. ಇವೆರಡೂ ಸಮನಾಗಿ ಬೆರೆತಾಗ ಸರಾಸರಿ −20ರ ಹತ್ತಿರ ಬರುತ್ತದೆ. ಬಲಕ್ಕಿದ್ದದ್ದು ಎಡಕ್ಕೆ ಹೊರಳುವುದರಿಂದಲೇ ಈ ಕ್ರಿಯೆಗೆ ಇನ್ವರ್ಷನ್ ಎಂಬ ಹೆಸರು ಬಂತು. ಯಾವ ಕ್ಷಣದಲ್ಲಿ ನೋಡಿದರೂ ಕ್ರಿಯೆಯ ವೇಗವು ಆಗ ಉಳಿದಿರುವ ಸುಕ್ರೋಸಿನ ಪ್ರಮಾಣಕ್ಕೆ ಅನುಗುಣವಾಗಿರುತ್ತದೆ ಎಂದು ವಿಲ್ಹೆಲ್ಮಿ ಕಂಡುಕೊಂಡರು. ಮೊದಲ ದರ್ಜೆ ಎಂದರೆ ಇದೇ. ಉಷ್ಣತೆಗೂ ಕ್ರಿಯಾವೇಗಕ್ಕೂ ಇರುವ ಸಂಬಂಧವನ್ನು ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ವಿವರಿಸಿದ್ದೂ ಕಬ್ಬಿನ ಸಕ್ಕರೆಯ ಇದೇ ಇನ್ವರ್ಷನ್ನನ್ನು ಎದುರಿಗಿಟ್ಟುಕೊಂಡು. 1913ರಲ್ಲಿ ಲಿಯೊನರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ ಕಿಣ್ವಗಳ ವೇಗನಿಯಮವನ್ನು ಕೊಟ್ಟಾಗ ಅವರು ಬಳಸಿದ್ದು ಇನ್ವರ್ಟೇಸ್ ಕಿಣ್ವವನ್ನು, ಅಂದರೆ ಮತ್ತೆ ಇದೇ ಸುಕ್ರೋಸಿನ ಒಡೆತವನ್ನು. ನಿಮ್ಮ ತಂದೆಯವರ ಕೊಪ್ಪರಿಗೆಯಲ್ಲಿ ನಡೆದ ಕ್ರಿಯೆಯ ಸುತ್ತಲೇ ನಮ್ಮ ಶಾಸ್ತ್ರದ ಮೂರು ಮುಖ್ಯ ಅಧ್ಯಾಯಗಳು ಬೆಳೆದಿವೆ ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ವಿಷಯ.

ಈಗ ಆಮ್ಲದ ದಾರಿಗೆ ಬರೋಣ. ಸುಕ್ರೋಸಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಘಟಕಗಳನ್ನು ಒಂದು ಆಮ್ಲಜನಕ ಪರಮಾಣು ಜೋಡಿಸಿ ಹಿಡಿದಿರುತ್ತದೆ. ಮೊದಲು ಆಮ್ಲ ಬಿಟ್ಟುಕೊಟ್ಟ ಒಂದು ಪ್ರೋಟಾನು (ಧನಾವೇಶದ ಜಲಜನಕ) ಬಂದು ಆ ಆಮ್ಲಜನಕಕ್ಕೆ ಅಂಟುತ್ತದೆ. ಇದು ಕ್ಷಿಪ್ರವಾಗಿ ನಡೆಯುತ್ತದೆ ಮತ್ತು ಅಷ್ಟೇ ಕ್ಷಿಪ್ರವಾಗಿ ಬಿಟ್ಟೂ ಹೋಗುತ್ತದೆ. ಪ್ರೋಟಾನು ಹೊತ್ತ ಅಣುಗಳಲ್ಲಿ ಎಲ್ಲೋ ಒಂದೊಂದು ಮಾತ್ರ, ಫ್ರಕ್ಟೋಸಿನ ಕಡೆಯ ಬಂಧ ಮುರಿದು, ಎರಡಾಗಿ ಬೇರ್ಪಡುತ್ತದೆ. ಇದೇ ನಿಧಾನದ ಹೆಜ್ಜೆ, ಇಡೀ ಕ್ರಿಯೆಯ ವೇಗವನ್ನು ನಿರ್ಧರಿಸುವ ಹೆಜ್ಜೆ. ಗ್ಲೂಕೋಸ್ ಬಿಡುಗಡೆಯಾಗಿ ಹೋಗುತ್ತದೆ. ಫ್ರಕ್ಟೋಸಿನ ತುಂಡು ಧನಾವೇಶ ಹೊತ್ತು ಒಂಟಿಯಾಗಿ ನಿಲ್ಲುತ್ತದೆ ಮತ್ತು ಪಕ್ಕದಲ್ಲೇ ಇರುವ ನೀರಿನ ಅಣುವನ್ನು ತಕ್ಷಣ ಹಿಡಿದುಕೊಂಡು ಫ್ರಕ್ಟೋಸ್ ಆಗುತ್ತದೆ. ಬಂಧವು ಗ್ಲೂಕೋಸಿನ ಕಡೆ ಮುರಿಯದೆ ಫ್ರಕ್ಟೋಸಿನ ಕಡೆ ಮುರಿಯುವುದಕ್ಕೆ ಕಾರಣವೆಂದರೆ, ಫ್ರಕ್ಟೋಸಿನ ಆ ಇಂಗಾಲಕ್ಕೆ ಇನ್ನೊಂದು ಇಂಗಾಲದ ಆಸರೆ ಹೆಚ್ಚಿಗೆ ಇರುವುದರಿಂದ ಧನಾವೇಶವನ್ನು ಅದು ಹೆಚ್ಚು ಸುಲಭವಾಗಿ ತಾಳಿಕೊಳ್ಳುತ್ತದೆ.

ಹೊಸ ಕಬ್ಬಿನ ಹಾಲಿನ ಪಿಎಚ್ (ಆಮ್ಲೀಯತೆಯ ಅಳತೆ; ಅಂಕ ಇಳಿದಷ್ಟೂ ಆಮ್ಲ ಹೆಚ್ಚು) ಸಾಮಾನ್ಯವಾಗಿ 5.2ರಿಂದ 5.5ರವರೆಗೆ ಇರುತ್ತದೆ. 5.2ರಲ್ಲಿಯೇ ಬಿಟ್ಟು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿದರೆ ಗಂಟೆಗೆ ಸುಮಾರು ಶೇಕಡಾ 2ರಷ್ಟು ಸುಕ್ರೋಸ್ ಒಡೆಯುತ್ತದೆ. ವೇಗವು ಪ್ರೋಟಾನುಗಳ ಸಾಂದ್ರತೆಗೆ ಅನುಗುಣವಾದ್ದರಿಂದ ಪಿಎಚ್ ಒಂದು ಅಂಕ ಏರಿದರೆ ನಷ್ಟ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಿಎಚ್ 7ರಲ್ಲಿ ಅದೇ ನಷ್ಟ ಗಂಟೆಗೆ ಶೇಕಡಾ 0.03ರ ಆಸುಪಾಸಿಗೆ ಬರುತ್ತದೆ. ಸುಣ್ಣದ ತಿಳಿ ಹಾಲಿನ ಆಮ್ಲವನ್ನು ತಗ್ಗಿಸಿ ಪಿಎಚ್ ಏರಿಸುತ್ತದೆ; ಅದು ಮಾಡುವ ಕೆಲಸದಲ್ಲಿ ಇದು ದೊಡ್ಡದು. ಇನ್ನು ಉಷ್ಣತೆ: ಇದರ ಸಕ್ರಿಯಕರಣ ಶಕ್ತಿ (ಕ್ರಿಯೆ ನಡೆಯಲು ಅಣುಗಳು ದಾಟಬೇಕಾದ ಶಕ್ತಿಯ ತಡೆ) ಮೋಲಿಗೆ ಸುಮಾರು 108 ಕಿಲೋಜೂಲ್. ಅದರಂತೆ ಲೆಕ್ಕ ಹಾಕಿದರೆ 30 ಡಿಗ್ರಿಗೂ 100 ಡಿಗ್ರಿಗೂ ನಡುವೆ ವೇಗ ಮೂರು ಸಾವಿರ ಪಟ್ಟಿಗೂ ಮಿಗಿಲಾಗಿ ಹೆಚ್ಚುತ್ತದೆ. ಇದನ್ನೇ ತಿರುಗಿಸಿ ನೋಡಿ: ಅಂಗಳದಲ್ಲಿ ಬಿದ್ದ ಕಬ್ಬಿನೊಳಗೆ, 30 ಡಿಗ್ರಿಯಲ್ಲಿ, ಮೂರು ದಿನದಲ್ಲಿ ಆಮ್ಲದ ದಾರಿಯಿಂದ ಹೇಳಿಕೊಳ್ಳುವಂಥ ನಷ್ಟ ಆಗಲಾರದು. ಹಾಗಾಗಿ ಕುದಿಸುವ ಮೊದಲೇ ಸುಕ್ರೋಸ್ ಒಡೆದಿದ್ದರೆ ಅದು ಬೇರೆ ದಾರಿಯಲ್ಲಿ ಒಡೆದಿರಬೇಕು.

ನಿವೃತ್ತ ಪ್ಯಾನ್‌ಮನ್:

ವೇಗನಿಯತಾಂಕ ಅವರು ಹೇಳಿದ ಆ ಬೇರೆ ದಾರಿಯ ಬಗ್ಗೆ ನಾನು ಬರೆಯುತ್ತೇನೆ. ನಾನು ಮೂವತ್ತೆರಡು ವರ್ಷ ಸಕ್ಕರೆ ಕಾರ್ಖಾನೆಯ ಪ್ಯಾನ್ ಮನೆಯಲ್ಲಿ, ಅಂದರೆ ಪಾಕವನ್ನು ಕುದಿಸಿ ಹರಳುಗಟ್ಟಿಸುವ ಕಡೆ, ಕೆಲಸ ಮಾಡಿದವನು.

ಕಬ್ಬಿನ ಜೀವಕೋಶದೊಳಗೆ ಸುಕ್ರೋಸ್ ಒಡೆಯುವ ಇನ್ವರ್ಟೇಸ್ ಕಿಣ್ವ ಇದ್ದೇ ಇದೆ. ಬೆಳೆಯುವ ಕಬ್ಬಿಗೆ ಅದು ಬೇಕು. ಕಡಿದ ಮೇಲೆ ಅದರ ಮೇಲಿನ ಹಿಡಿತ ತಪ್ಪಿ, ಕೂಡಿಟ್ಟ ಸಕ್ಕರೆಯನ್ನೇ ಒಡೆಯತೊಡಗುತ್ತದೆ. ಇದು ಒಂದು. ಎರಡನೆಯದು ಹೆಚ್ಚು ಕೆಟ್ಟದ್ದು. ಕತ್ತಿ ಬಿದ್ದ ತುದಿಯಿಂದ, ಸಿಪ್ಪೆ ಬಿರಿದ ಕಡೆಯಿಂದ, ಮಣ್ಣಿನಲ್ಲಿರುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಅದು ಸುಕ್ರೋಸನ್ನು ನೀರಿನಿಂದ ಒಡೆಯುವುದಿಲ್ಲ. ಅದರ ಕಿಣ್ವ ಗ್ಲೂಕೋಸ್ ಘಟಕವನ್ನು ಕಿತ್ತು, ಒಂದರ ತುದಿಗೆ ಇನ್ನೊಂದನ್ನು ಪೋಣಿಸುತ್ತಾ ಡೆಕ್ಸ್‌ಟ್ರಾನ್ ಎಂಬ ಉದ್ದ ಸರಪಳಿ ಕಟ್ಟುತ್ತದೆ. ಫ್ರಕ್ಟೋಸನ್ನು ಹೊರಗೆ ಬಿಡುತ್ತದೆ. ಜೊತೆಗೆ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳನ್ನೂ ಬಿಡುತ್ತದೆ. ಮಿಲ್ಲಿನ ಕೆಳಗಿನ ಕಾಲುವೆಯನ್ನು ಒಂದು ಪಾಳಿ ತೊಳೆಯದೆ ಬಿಟ್ಟರೆ ಗೋಡೆಗೆ ಕಪ್ಪೆಮೊಟ್ಟೆಯಂಥ ಲೋಳೆ ಕಟ್ಟುತ್ತಿತ್ತು. ಕೈಯಲ್ಲಿ ಎತ್ತಿದರೆ ಬೆರಳ ಸಂದಿಯಿಂದ ಜಾರಿ ದಾರವಾಗಿ ಇಳಿಯುತ್ತಿತ್ತು. ಆ ಲೋಳೆಯೇ ಡೆಕ್ಸ್‌ಟ್ರಾನ್.

ಡೆಕ್ಸ್‌ಟ್ರಾನ್ ಬಂದ ದಿನ ಪ್ಯಾನಿನ ಮುಂದೆ ನಿಂತವನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಪಾಕ ಮಂದವಾಗುತ್ತದೆ, ಕುದಿತ ಸೋಮಾರಿಯಾಗುತ್ತದೆ, ಗಾಜಿನ ಪಟ್ಟಿಯ ಮೇಲೆ ಮಾದರಿ ಎಳೆದು ಬೆಳಕಿಗೆ ಹಿಡಿದರೆ ಚೌಕ ಹರಳಿನ ಬದಲು ಉದ್ದ ಸೂಜಿಯಂಥ ಹರಳು ಕಾಣುತ್ತದೆ. ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಒಂದು ಹಂಗಾಮು ಕಬ್ಬಿನ ಗಾಡಿಗಳು ಗೇಟಿನ ಹೊರಗೆ ನಾಲ್ಕೈದು ದಿನ ನಿಲ್ಲುತ್ತಿದ್ದವು. ಪ್ರಯೋಗಾಲಯದ ವರದಿಯಲ್ಲಿ ಮಾತ್ರ ಪೋಲ್ (ಪೋಲರಿಮೀಟರಿನಲ್ಲಿ ಬೆಳಕಿನ ತಿರುವು ನೋಡಿ ಅಳೆದ ಸಕ್ಕರೆ) ಚೆನ್ನಾಗಿದೆ ಎಂದಿರುತ್ತಿತ್ತು. ಡೆಕ್ಸ್‌ಟ್ರಾನ್ ಬೆಳಕನ್ನು ಸುಕ್ರೋಸಿಗಿಂತ ಸುಮಾರು ಮೂರು ಪಟ್ಟು ಬಲಕ್ಕೆ ತಿರುಗಿಸುತ್ತದೆ. ಹಾಗಾಗಿ ಪೋಲರಿಮೀಟರು ಇಲ್ಲದ ಸಕ್ಕರೆಯನ್ನು ಇದೆ ಎಂದು ತೋರಿಸುತ್ತಿತ್ತು. ಕಾಗದದ ಮೇಲಿದ್ದ ಸಕ್ಕರೆ ಚೀಲಕ್ಕೆ ಬರದಿದ್ದಾಗ ಪ್ಯಾನ್ ಮನೆಯ ಮೇಲೆ ದೂರು ಬಂತು. ಯಾವ ದಾರಿಯಲ್ಲಿ ಸಕ್ಕರೆ ಹೋಯಿತು ಎಂದು ಕೇಳುವ ಅಭ್ಯಾಸ ಅಲ್ಲಿದ್ದಿದ್ದರೆ ಆ ಹಂಗಾಮಿನಲ್ಲಿ ಅಷ್ಟು ನಷ್ಟವಾಗುತ್ತಿರಲಿಲ್ಲ ಎಂಬ ನೋವು ನನಗೆ ಈಗಲೂ ಇದೆ.

ಹಾಸನದ ಓದುಗ:

ನನ್ನದು ಒಂದು ಭಿನ್ನಾಭಿಪ್ರಾಯ. ರಿಯಾಕ್ಟರ್ ವಿನ್ಯಾಸ ಮಾಡುವ ಎಂಜಿನಿಯರನಿಗೆ ವೇಗನಿಯಮ ಸಾಕು. ಪ್ರೋಟಾನು ಎಲ್ಲಿ ಅಂಟಿತು, ಯಾವ ಕಡೆಯ ಬಂಧ ಮುರಿಯಿತು ಎಂಬುದು ರಸಾಯನಶಾಸ್ತ್ರಜ್ಞರ ಆಸಕ್ತಿ. ವಿಲ್ಹೆಲ್ಮಿಯವರಿಗೆ ಪ್ರೋಟಾನು ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ, ಆದರೂ ಅವರ ಸಮೀಕರಣ ಸರಿಯಾಗಿತ್ತು.

ವೇಗನಿಯತಾಂಕ:

ನಿಮ್ಮ ಮಾತಿನಲ್ಲಿ ಒಂದು ಸತ್ಯವಿದೆ. ವೇಗನಿಯಮ ಒಂದರಿಂದಲೇ ಕ್ರಿಯಾವಿಧಾನ ಸಿದ್ಧವಾಗುವುದಿಲ್ಲ ಎಂಬುದಕ್ಕೆ ಸುಕ್ರೋಸಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನೀರು ಹೇರಳವಾಗಿರುವಾಗ ಅದರ ಸಾಂದ್ರತೆ ಬದಲಾಗುವುದೇ ಇಲ್ಲ; ಆದ್ದರಿಂದ ನಿಧಾನದ ಹೆಜ್ಜೆಯಲ್ಲಿ ನೀರಿನ ಅಣು ಪಾಲ್ಗೊಂಡರೂ, ಪಾಲ್ಗೊಳ್ಳದಿದ್ದರೂ ಅಳತೆಯಲ್ಲಿ ಮೊದಲ ದರ್ಜೆಯೇ ಕಾಣುತ್ತದೆ. ಒಳಗಿನ ಹೆಜ್ಜೆಗಳನ್ನು ತಿಳಿಯಲು ಬೇರೆ ಸಾಕ್ಷ್ಯ ಬೇಕಾಯಿತು. ಭಾರಜಲದಲ್ಲಿ (ಜಲಜನಕದ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುವ ನೀರಿನಲ್ಲಿ) ಈ ಕ್ರಿಯೆ ಸಾಮಾನ್ಯ ನೀರಿನಲ್ಲಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ನಡೆಯುತ್ತದೆ. ಪ್ರೋಟಾನು ಅಂಟುವುದೇ ನಿಧಾನದ ಹೆಜ್ಜೆಯಾಗಿದ್ದರೆ ಭಾರಜಲದಲ್ಲಿ ವೇಗ ಕುಗ್ಗಬೇಕಿತ್ತು. ಹೆಚ್ಚಿದೆ ಎಂದರೆ ಅದು ಮೊದಲೇ ಸಮತೋಲಕ್ಕೆ ಬಂದು, ಆಮೇಲೆ ಬಂಧ ಮುರಿಯುತ್ತದೆ ಎಂದಾಯಿತು. ಬಂಧ ಎಲ್ಲಿ ಮುರಿಯಿತು ಎಂಬುದನ್ನು ತಿಳಿಯಲು ಭಾರವಾದ ಆಮ್ಲಜನಕ-18 ಇರುವ ನೀರಿನಲ್ಲಿ ಕ್ರಿಯೆ ನಡೆಸಿ, ಆ ಗುರುತಿನ ಆಮ್ಲಜನಕ ಯಾವ ಸಕ್ಕರೆಯಲ್ಲಿ ಸಿಗುತ್ತದೆ ಎಂದು ನೋಡುತ್ತಾರೆ. ಇನ್ವರ್ಟೇಸ್ ಕಿಣ್ವವೂ ಫ್ರಕ್ಟೋಸಿನ ಕಡೆಯೇ ಬಂಧ ಕಡಿಯುತ್ತದೆ ಎಂದು ಕೋಶ್‌ಲ್ಯಾಂಡ್ ಮತ್ತು ಸ್ಟೈನ್ 1954ರಲ್ಲಿ ತೋರಿಸಿದ್ದು ಈ ವಿಧಾನದಿಂದಲೇ.

ಆದರೆ ಇದು ಎಂಜಿನಿಯರನಿಗೆ ಬೇಡ ಎಂಬುದನ್ನು ನಾನು ಒಪ್ಪಲಾರೆ. ವೇಗನಿಯಮ ನಾವು ಅಳತೆ ಮಾಡಿದ ಎಲ್ಲೆಯೊಳಗೆ ಮಾತ್ರ ನಮ್ಮದು. ಅದರಾಚೆ ಹೆಜ್ಜೆ ಇಡಬೇಕಾದರೆ ಒಳಗೆ ಏನು ನಡೆಯುತ್ತಿದೆ ಎಂಬುದು ತಿಳಿದಿರಬೇಕು. ಆಮ್ಲದ ದಾರಿ 60 ಡಿಗ್ರಿಯಿಂದ 100 ಡಿಗ್ರಿಗೆ ಹೋದಾಗ 65 ಪಟ್ಟು ವೇಗ ಪಡೆಯುತ್ತದೆ. ಕಿಣ್ವದ ದಾರಿ ಅದೇ ಅಂತರದಲ್ಲಿ ಸತ್ತೇ ಹೋಗುತ್ತದೆ, ಏಕೆಂದರೆ ಕುದಿಯುವ ರಸದಲ್ಲಿ ಪ್ರೋಟೀನು ತನ್ನ ಆಕಾರ ಉಳಿಸಿಕೊಳ್ಳಲಾರದು. ಎರಡರಿಂದಲೂ ಸಿಗುವುದು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಆದರೆ ಒಂದಕ್ಕೆ ಮದ್ದು ತಣಿಸುವುದು, ಇನ್ನೊಂದಕ್ಕೆ ಬೇಗ ಕುದಿಸುವುದು. ಕಾರ್ಖಾನೆಯ ಆವಿಯಂತ್ರಗಳ ಸಾಲನ್ನೇ ನೋಡಿ: ನೀರು ಹೆಚ್ಚಿರುವ ಮೊದಲ ಪಾತ್ರೆಯಲ್ಲಿ ರಸ 110 ಡಿಗ್ರಿಗೂ ಮೇಲೆ ಕೆಲವೇ ನಿಮಿಷ ಇರುತ್ತದೆ, ಕೊನೆಯ ಪಾತ್ರೆಯಲ್ಲಿ ನಿರ್ವಾತ ಹಿಡಿದು 55ರಿಂದ 60 ಡಿಗ್ರಿಯಲ್ಲೇ ಕುದಿಸುತ್ತಾರೆ. ಹಬೆಯನ್ನು ಉಳಿಸುವುದರ ಜೊತೆಗೆ ಸಕ್ಕರೆಯನ್ನು ಉಳಿಸುವ ಲೆಕ್ಕವೂ ಅದರಲ್ಲಿದೆ.

ಶಿರಸಿ ಕಡೆಯವಳು:

ನಮ್ಮ ಕಡೆ ಜೋನಿ ಬೆಲ್ಲ ಮಾಡುವವರಿಗೆ ಬೆಲ್ಲ ಬಿಗಿಯದಿರುವುದೇ ಬೇಕು. ಪಾಕವನ್ನು 105ರಿಂದ 108 ಡಿಗ್ರಿಗೇ ಇಳಿಸುತ್ತಾರೆ. ಅಚ್ಚಿನ ಬೆಲ್ಲಕ್ಕಾದರೆ 118ರ ಹತ್ತಿರ ಹೋಗಬೇಕು. ಡಬ್ಬದ ತಳದಲ್ಲಿ ಹರಳು ಕೂರಬಾರದೆಂದು ಸ್ವಲ್ಪ ಸಿಟ್ರಿಕ್ ಆಮ್ಲ ಹಾಕುವವರೂ ಇದ್ದಾರೆ. ಇಷ್ಟು ದಿನ ಅದನ್ನು ಕೆಡದಂತೆ ಹಾಕುತ್ತಾರೆ ಎಂದು ತಿಳಿದಿದ್ದೆ. ಇಲ್ಲಿ ಓದಿದ ಮೇಲೆ, ಅದು ಒಂದಷ್ಟು ಸುಕ್ರೋಸನ್ನು ಬೇಕೆಂದೇ ಒಡೆಯುವ ಉಪಾಯ ಎಂದು ಅರ್ಥವಾಯಿತು. ಹಾಗಾದರೆ ಮಂಡ್ಯದವರಿಗೆ ಸುಣ್ಣವನ್ನು ಇನ್ನಷ್ಟು ಹಾಕಿದರೆ ಸಾಲದೇ?

ನಿವೃತ್ತ ಪ್ಯಾನ್‌ಮನ್:

ಸಾಲದು ತಾಯಿ, ಬಣ್ಣ ಕೆಡುತ್ತದೆ. ಸುಣ್ಣ ಮಿಕ್ಕರೆ ಸುಕ್ರೋಸಿಗೆ ಹೆಚ್ಚು ತೊಂದರೆ ಇಲ್ಲ, ಆದರೆ ಆಗಲೇ ಒಡೆದಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸುಮ್ಮನಿರುವುದಿಲ್ಲ.

ವೇಗನಿಯತಾಂಕ:

ಅವರು ಹೇಳಿದ್ದಕ್ಕೆ ಕಾರಣ ಇಷ್ಟು. ಕ್ಷಾರದಲ್ಲಿ ಗ್ಲೂಕೋಸ್ ಒಂದು ಪ್ರೋಟಾನನ್ನು ಕಳೆದುಕೊಂಡು ಈನ್‌ಡಯಾಲ್ ಎಂಬ ಮಧ್ಯವರ್ತಿ ರೂಪಕ್ಕೆ ಹೋಗುತ್ತದೆ. ಅಲ್ಲಿಂದ ಅದು ಫ್ರಕ್ಟೋಸ್ ಆಗಬಹುದು, ಮ್ಯಾನೋಸ್ ಆಗಬಹುದು, ತುಂಡಾಗಿ ಲ್ಯಾಕ್ಟಿಕ್ ಆಮ್ಲವೂ ಆಗಬಹುದು. ತುಂಡುಗಳು ಒಂದಕ್ಕೊಂದು ಕೂಡಿ ಕಂದು ಬಣ್ಣದ ದೊಡ್ಡ ಅಣುಗಳಾಗುತ್ತವೆ. ಡಚ್ ರಸಾಯನಜ್ಞರಾದ ಲೋಬ್ರಿ ದ ಬ್ರೂಯ್ನ್ ಮತ್ತು ಆಲ್ಬರ್ಡಾ ವಾನ್ ಎಕೆನ್‌ಸ್ಟೈನ್ ಅವರ ಹೆಸರಿನಲ್ಲಿ ಈ ರೂಪಾಂತರ ಪ್ರಸಿದ್ಧವಾಗಿದೆ. ಇದರಿಂದ ಹುಟ್ಟುವ ಆಮ್ಲವು ಹಾಕಿದ ಸುಣ್ಣವನ್ನೇ ತಿಂದುಹಾಕುತ್ತದೆ, ಪಿಎಚ್ ಇಳಿಯುತ್ತದೆ, ಇಳಿದ ಪಿಎಚ್‌ನಲ್ಲಿ ಉಳಿದ ಸುಕ್ರೋಸ್ ಮತ್ತೆ ಒಡೆಯುತ್ತದೆ. ಅಂದರೆ ಹಳಸಿದ ಕಬ್ಬಿನ ಹಾಲಿನಲ್ಲಿ ಒಂದು ದಾರಿಯ ಉತ್ಪನ್ನ ಇನ್ನೊಂದು ದಾರಿಯ ಕ್ರಿಯಾವರ್ಧಕವಾಗುತ್ತದೆ. ನಾನು ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಬಯಸುವುದು ಇದನ್ನೇ. ದಾರಿಗಳನ್ನು ಬೇರೆ ಬೇರೆ ಬಾಣಗಳಾಗಿ ಬರೆದು ಕೂಡಿಸಿದರೆ ಆಗದು. ಅವು ಒಂದಕ್ಕೊಂದು ಬಾಗಿಲು ತೆರೆಯುತ್ತವೆ.

ಆಲೆಮನೆ ಮಗಳು ಅವರೇ, ನೀವು ಮಾಡಬಹುದಾದ ಪರೀಕ್ಷೆ ಹೀಗಿದೆ. ಅದೇ ತೋಟದ ಕಬ್ಬಿನಲ್ಲಿ ಒಂದು ಹೊರೆಯನ್ನು ಕಡಿದ ದಿನವೇ, ಇನ್ನೊಂದನ್ನು ಮೂರು ದಿನ ಬಿಟ್ಟು ಅರೆಯಿರಿ. ಎರಡರಲ್ಲೂ ಕುದಿಸುವ ಮೊದಲು ಮತ್ತು ಅಚ್ಚಿಗೆ ಹೊಯ್ಯುವಾಗ ಮಾದರಿ ತೆಗೆದು, ಪಿಎಚ್ ನೋಡಿ, ಫೆಹ್ಲಿಂಗ್ ದ್ರಾವಣದಿಂದ ಅಪಕರ್ಷಕ ಸಕ್ಕರೆಯನ್ನು ಅಳೆಯಿರಿ. ಸುಕ್ರೋಸ್ ಫೆಹ್ಲಿಂಗ್ ದ್ರಾವಣವನ್ನು ಅಪಕರ್ಷಿಸುವುದಿಲ್ಲ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಅಪಕರ್ಷಿಸುತ್ತವೆ. ನಷ್ಟ ಕೊಪ್ಪರಿಗೆಗೆ ಮೊದಲು ಆದದ್ದೋ ಕೊಪ್ಪರಿಗೆಯಲ್ಲಿ ಆದದ್ದೋ ಎಂಬುದು ಇದರಿಂದ ತಿಳಿಯುತ್ತದೆ. ಆಮೇಲೆ ಗ್ಲೂಕೋಸನ್ನು ಮಾತ್ರ ಗುರುತಿಸುವ ಆಕ್ಸಿಡೇಸ್ ಕಿಣ್ವದ ಪರೀಕ್ಷೆ ಮಾಡಿದರೆ, ಇನ್ವರ್ಟೇಸ್ ಆದರೆ ಎರಡೂ ಸರಿಸಮ, ಲ್ಯೂಕೊನೊಸ್ಟಾಕ್ ಆದರೆ ಫ್ರಕ್ಟೋಸ್ ಮಿಗಿಲು ಎಂದು ಕಾಣಬೇಕು.

ನಿವೃತ್ತ ಪ್ಯಾನ್‌ಮನ್:

ಕೊನೆಯ ಮಾತಿಗೊಂದು ತಿದ್ದುಪಡಿ. ಲ್ಯೂಕೊನೊಸ್ಟಾಕ್ ತಾನು ಬಿಟ್ಟ ಫ್ರಕ್ಟೋಸಿನಲ್ಲಿ ಒಂದು ಪಾಲನ್ನು ಮ್ಯಾನಿಟಾಲ್ ಎಂಬ ಬೇರೆ ವಸ್ತುವಾಗಿಯೂ ಮಾಡುತ್ತದೆ. ಆದ್ದರಿಂದ ಫ್ರಕ್ಟೋಸ್ ಮಿಗಿಲಾಗಿ ಕಂಡರೆ ಬ್ಯಾಕ್ಟೀರಿಯಾ ಇತ್ತು ಎನ್ನಬಹುದು. ಕಾಣದಿದ್ದರೆ ಇರಲಿಲ್ಲ ಎನ್ನಲಾಗದು.

ಆಲೆಮನೆ ಮಗಳು:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಹತ್ತು ದಿನದ ಹಿಂದೆ ತಂದೆಯವರನ್ನು ಒಪ್ಪಿಸಿ ಎರಡು ಹೊರೆ ಕಬ್ಬಿನಲ್ಲಿ ಪರೀಕ್ಷೆ ಮಾಡಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಸಂಜೆಯವರೆಗೆ ಕುಳಿತು ಒಂದೊಂದು ಮಾದರಿಯನ್ನೂ ಮೂರು ಸಲ ಅಳೆದೆ. ಕುದಿಯುವ ಫೆಹ್ಲಿಂಗ್ ದ್ರಾವಣಕ್ಕೆ ಬ್ಯೂರೆಟ್ಟಿನಿಂದ ಹನಿ ಬೀಳುತ್ತಿದ್ದಂತೆ ಮೆಥಿಲೀನ್ ಬ್ಲೂವಿನ ನೀಲಿ ಅಂಚಿನಿಂದ ಕರಗಿ, ಒಮ್ಮೆಗೇ ಇಟ್ಟಿಗೆ ಕೆಂಪು ಮೇಲೆದ್ದಿತು. ಹಳೆಯ ಕಬ್ಬಿನ ಹಾಲಿಗೆ ಅದು ಎಷ್ಟು ಬೇಗ ಬಂತೆಂದರೆ ಮೊದಲ ಸಲ ನಾನು ಹನಿಗಳನ್ನು ಎಣಿಸುವುದರಲ್ಲೇ ತಪ್ಪಿದೆ.

ನೂರು ಪಾಲು ಸುಕ್ರೋಸಿಗೆ ಅಪಕರ್ಷಕ ಸಕ್ಕರೆ ಹೊಸ ಕಬ್ಬಿನ ಹಾಲಿನಲ್ಲಿ 3 ಪಾಲು ಇತ್ತು, ಕಾಯಿಸಿದ ಮೇಲೆ 3.5 ಆಯಿತು. ಮೂರು ದಿನದ ಕಬ್ಬಿನಲ್ಲಿ ಕಾಯಿಸುವ ಮೊದಲೇ 8 ಇತ್ತು, ಕಾಯಿಸಿದ ಮೇಲೆ 11ಕ್ಕೆ ಏರಿತು. ಎರಡಕ್ಕೂ ತಂದೆಯವರು ಒಂದೇ ಚಿಪ್ಪು ಸುಣ್ಣದ ತಿಳಿ ಹಾಕಿದ್ದರು. ಹೊಸ ಹಾಲಿನ ಪಿಎಚ್ 6.6ಕ್ಕೆ ಬಂದರೆ ಹಳೆಯ ಹಾಲಿನದು 5.6ರಲ್ಲೇ ನಿಂತಿತು. ಪಿಎಚ್‌ನಲ್ಲಿ ಒಂದು ಅಂಕದ ವ್ಯತ್ಯಾಸಕ್ಕೆ ವೇಗ ಹತ್ತು ಪಟ್ಟು. ಎರಡೂವರೆ ಗಂಟೆಯ ಕುದಿತಕ್ಕೆ ಲೆಕ್ಕ ಹಾಕಿದಾಗ ಹಳೆಯ ಹಾಲಿನಲ್ಲಿ ಸುಮಾರು 2 ಪಾಲು ಒಡೆಯಬೇಕಿತ್ತು, ಒಡೆದದ್ದು 3. ಕುದಿಯುತ್ತಾ ಪಿಎಚ್ ಇನ್ನಷ್ಟು ಇಳಿದಿರಬೇಕು ಎಂದುಕೊಂಡಿದ್ದೇನೆ. ಹಾಗಾಗಿ ಎರಡು ಬೆಲ್ಲಗಳ ನಡುವಿನ ಏಳೂವರೆ ಪಾಲಿನಲ್ಲಿ ಐದು ಪಾಲು ಅಂಗಳದಲ್ಲಿ ಆದದ್ದು, ಎರಡೂವರೆ ಪಾಲು ಕೊಪ್ಪರಿಗೆಯಲ್ಲಿ ಆದದ್ದು. ತಂದೆಯವರ ಮಾತೂ ಚಿಕ್ಕಪ್ಪನ ಮಾತೂ ಎರಡೂ ಸರಿಯಾಗಿದ್ದವು. ಅಂಗಳದಲ್ಲಿ ಹುಟ್ಟಿದ ಆಮ್ಲವೇ ಸುಣ್ಣವನ್ನು ಸಾಲದಂತೆ ಮಾಡಿತ್ತು. ಈಗ ಕೊಪ್ಪರಿಗೆಯ ಪಕ್ಕದ ಗೂಡಿನಲ್ಲಿ ತೆಂಗಿನ ಚಿಪ್ಪಿನ ಜೊತೆ ಪಿಎಚ್ ಕಾಗದದ ಸುರುಳಿಯೂ ಇದೆ, ತಂದೆಯವರು ತಾವೇ ಅದ್ದಿ ನೋಡುತ್ತಾರೆ.

ಗ್ಲೂಕೋಸನ್ನು ಪ್ರತ್ಯೇಕವಾಗಿ ಅಳೆಯುವುದು ಬಾಕಿ ಇದೆ. ಮಾದರಿಗಳನ್ನು ಬಸ್ಸಿನಲ್ಲಿ ಕಾಲೇಜಿಗೆ ಒಯ್ಯಲು ಮೂರು ಗಂಟೆ ಹಿಡಿಯುತ್ತದೆ; ಅದರಿಂದ ತೊಂದರೆಯಾಗುತ್ತದೆಯೇ?

ನಿವೃತ್ತ ಪ್ಯಾನ್‌ಮನ್:

ಆಗುತ್ತದೆ ಮಗಳೇ. ಕಾಯಿಸದ ಹಾಲಿನಲ್ಲಿ ಕಿಣ್ವವೂ ಬ್ಯಾಕ್ಟೀರಿಯಾವೂ ಜೀವಂತವಾಗಿರುತ್ತವೆ, ಬಾಟಲಿಯೊಳಗೂ ಕೆಲಸ ಮುಂದುವರಿಸುತ್ತವೆ. ನಿನ್ನ 8 ಪಾಲಿನಲ್ಲಿ ಒಂದಿಷ್ಟು ಬಸ್ಸಿನಲ್ಲೇ ಸೇರಿರಬಹುದು, ಕಾಯಿಸಿ ತೆಗೆದ ಮಾದರಿಗೆ ಆ ತೊಂದರೆ ಇಲ್ಲ. ಹಾಗಾಗಿ ಕೊಪ್ಪರಿಗೆಯ ಪಾಲು ನೀನು ಎಣಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು. ಮುಂದಿನ ಸಲ ಗಾಣದ ಬಾಯಲ್ಲೇ ಹಾಲು ಹಿಡಿದು, ಬಾಟಲಿಯನ್ನು ಪುಡಿ ಮಾಡಿದ ಐಸಿನಲ್ಲಿ ಕುತ್ತಿಗೆಯವರೆಗೆ ಹೂತು ಒಯ್ಯಿ. ಅದರಲ್ಲೇ ಅರ್ಧವನ್ನು ಅಲ್ಲೇ ಅಳೆಯಲು ಸಾಧ್ಯವಾದರೆ ಎರಡನ್ನೂ ಹೋಲಿಸಿ ಇಲ್ಲಿ ಹಾಕು.